ಕತ್ರಿಗುಪ್ಪೆಯ ಕರುಗಳೂ ಅನಂತರಾಮುವಿನ ಗಂಟೂ

ಅನಂತರಾಮು ಪಣ ತೊಟ್ಟದ್ದು ಸೋಮವಾರ ಸಂಜೆ, ಅಡುಗೆಮನೆಯ ಬಾಗಿಲಲ್ಲಿ. ಪಣದ ಜೊತೆಗೆ ಖಾಕಿ ಚಡ್ಡಿಯನ್ನೂ ತೊಟ್ಟಿದ್ದ.

"ಭಾಮಾ, ಬರೆದಿಟ್ಕೋ! ಈ ವರ್ಷದ ಶಿಬಿರದ ಶೀಲ್ಡು ನಮ್ಮ ಹುಡುಗರಿಗೆ ಬರದೇ ಇದ್ರೆ ನನ್ನ ಹೆಸರು ಅನಂತರಾಮು ಅಲ್ಲ!"

ಒಲೆಯ ಮೇಲಿನ ಹುಳಿಯಿಂದ ಕಣ್ಣು ತೆಗೆಯದೆ ಸತ್ಯಭಾಮಾ ಹೇಳಿದಳು: "ಹೋದ ವರ್ಷಾನೂ ಇದನ್ನೇ ಅಂದ್ರಿ. ಅದರ ಹಿಂದಿನ ವರ್ಷಾನೂ ಅಂದ್ರಿ. ಹೆಸರು ಬದಲಾಯಿಸಿದ್ದು ಮಾತ್ರ ನಾನು ಕಾಣೆ."

ಇದು ಸಾವಿರದ ಒಂಬೈನೂರ ಅರವತ್ತೊಂದರ ಮಾತು. ಆಗ ಜಯನಗರದ ಮೂರನೇ ಬ್ಲಾಕಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳು ಹೆಚ್ಚು, ಸೈಟುಗಳಿಗಿಂತ ಓತಿಕ್ಯಾತಗಳು ಹೆಚ್ಚು. ಅಂಥ ಕಡೆ ಬಾಡಿಗೆ ಮನೆ ಮಾಡಿಕೊಂಡಿದ್ದ ಅನಂತರಾಮು ವಾರದಲ್ಲಿ ಆರು ದಿನ ಸರ್ಕಾರಿ ಗುಮಾಸ್ತ. ಏಳನೇ ದಿನ ಮಾತ್ರ ದೊರೆ! ಬಡಾವಣೆಯ ಇಪ್ಪತ್ತನಾಲ್ಕು ಕಬ್‌ಗಳಿಗೆ ಅವನೇ ಮಾಸ್ಟರು. ಕಬ್ ಅಂದರೆ ಸ್ಕೌಟಿನ ಮರಿ. ಎಂಟರಿಂದ ಹನ್ನೊಂದು ವಯಸ್ಸಿನ, ಟೋಪಿ ಹಾಕಿಕೊಂಡ, ಸದಾ ಹಸಿದಿರುವ ಪ್ರಾಣಿ. ಆಫೀಸಿನಲ್ಲಿ ಅನಂತರಾಮು ಗಂಟೆ ಒತ್ತಿದರೆ ಜವಾನ ಕೂಡ ತಿರುಗಿ ನೋಡುತ್ತಿರಲಿಲ್ಲ. ಭಾನುವಾರ ಖಾಕಿ ಚಡ್ಡಿ ಹಾಕಿ ಒಂದು ಸೀಟಿ ಊದಿದನೆಂದರೆ ನಲವತ್ತೆಂಟು ಕಾಲುಗಳು ಒಟ್ಟಿಗೆ ನಿಲ್ಲುತ್ತಿದ್ದವು. ಆ ಚಡ್ಡಿ ಅವನ ಪಾಲಿಗೆ ಬಟ್ಟೆಯಲ್ಲ, ಕಿರೀಟ. ಹಾಕುವ ಜಾಗ ಬೇರೆ, ಅಷ್ಟೇ.

ಆದರೆ ಶೀಲ್ಡಿನ ವಿಷಯದಲ್ಲಿ ಹಣೆಬರಹ ನೆಟ್ಟಗಿರಲಿಲ್ಲ. ಮೊದಲ ವರ್ಷ, ಸ್ಕೌಟ್ ಕಮಿಷನರ್ ತಿರುಮಲೇಶ್ ಅವರು "ಗುಡಾರ ಭದ್ರವಾಗಿದೆ" ಎಂದು ಹೊಗಳುತ್ತಿರುವಾಗಲೇ ಗುಡಾರ ಅವರ ತಲೆಯ ಮೇಲೆ ಕುಳಿತಿತು. ಎರಡನೇ ವರ್ಷ ಉಪ್ಪಿಟ್ಟಿಗೆ ಇಬ್ಬರು ಹುಡುಗರು ಒಬ್ಬರಿಗೊಬ್ಬರು ಹೇಳದೆ ಉಪ್ಪು ಹಾಕಿದರು. ಕಮಿಷನರು ಒಂದು ತುತ್ತು ತಿಂದು, ಎರಡು ಚೊಂಬು ನೀರು ಕುಡಿದು ಸೈಕಲ್ ಹತ್ತಿದರು.

"ಈ ಸಲ ಹಾಗಾಗಲ್ಲ," ಎಂದ ಅನಂತರಾಮು. "ಆರು ತಿಂಗಳಿಂದ ಹುಡುಗರಿಗೆ ಗಂಟು ಹಾಕೋದು, ಗಂಟು ಬಿಚ್ಚೋದು, ಇದೇ ಅಭ್ಯಾಸ ಮಾಡಿಸಿದ್ದೀನಿ. ನಾನು ಬಿಚ್ಚಲಾರದ ಗಂಟು ಈ ಬೆಂಗಳೂರಲ್ಲೇ ಇಲ್ಲ ಕಣೇ!"

"ಮೊನ್ನೆ ರಾಗಿ ಚೀಲದ ಗಂಟು ಬಿಚ್ಚಿ ಅಂದ್ರೆ ಕತ್ತರಿ ತಗೊಂಡು ಚೀಲಾನೇ ಕತ್ತರಿಸಿದ್ರಿ."

"ಅದು ರೈತರ ಗಂಟು. ನಮ್ಮ ಪುಸ್ತಕದಲ್ಲಿ ಇಲ್ಲ!"

ಸತ್ಯಭಾಮಾ ಸೌಟು ಕೆಳಗಿಟ್ಟಳು. ಅವಳು ಸೌಟು ಕೆಳಗಿಟ್ಟಳೆಂದರೆ ತೀರ್ಪು ಬರುತ್ತದೆಂದು ಅರ್ಥ. "ಕೇಳಿ. ಮೂರು ವರ್ಷದಿಂದ ಒಂದು ಭಾನುವಾರಾನೂ ನೀವು ಮನೇಲಿಲ್ಲ. ಈ ಸಲಾನೂ ಬರಿಗೈಲಿ ಬಂದ್ರೆ ಸ್ಕೌಟೂ ಸಾಕು, ಕಬ್ಬೂ ಸಾಕು. ನಿಮ್ಮ ಎರಡೂ ಖಾಕಿ ಚಡ್ಡಿ ಪಾತ್ರೆಯವಳಿಗೆ ಹೋಗುತ್ತೆ. ಒಂದು ಚಡ್ಡಿಗೆ ಒಂದು ಸ್ಟೀಲ್ ಲೋಟ ಕೊಡ್ತಾಳಂತೆ."

"ಆಗಲೇ ಕೇಳಿಬಿಟ್ಟಿದ್ದೀಯಾ!"

"ಕೇಳೋದಕ್ಕೇನು? ತಳ ಸವೆದಿದೆ ಅಂದ್ಲು. ಆದ್ರೂ ಕೊಡ್ತಾಳೆ."

ಕಿರೀಟಕ್ಕೆ ಒಂದು ಲೋಟ! ಅನಂತರಾಮು ಚಡ್ಡಿಯನ್ನು ಒಮ್ಮೆ ಸವರಿಕೊಂಡ. ಆದರೂ ಮೂರು ಬೆರಳೆತ್ತಿ ಸ್ಕೌಟ್ ಸೆಲ್ಯೂಟ್ ಹೊಡೆದು, "ಒಪ್ಪಿದೆ!" ಎಂದ.

ಶನಿವಾರ ಅರ್ಧ ದಿನದ ಆಫೀಸು ಮುಗಿಸಿ, ಇಪ್ಪತ್ತನಾಲ್ಕು ಹುಡುಗರನ್ನು ಸಾಲಾಗಿ ಕಟ್ಟಿಕೊಂಡು, ಯಡಿಯೂರು ಕೆರೆ ದಾಟಿ ಕತ್ರಿಗುಪ್ಪೆಗೆ ನಡೆದ. ಊರಾಚೆಯ ಮಾವಿನ ತೋಪಿನಲ್ಲಿ ಗುಡಾರಗಳು ಎದ್ದವು, ಬೀಳಲಿಲ್ಲ. ಉಪ್ಪಿನ ಡಬ್ಬಿಯನ್ನು ಅನಂತರಾಮು ತನ್ನ ದಿಂಬಿನ ಕೆಳಗೇ ಇಟ್ಟುಕೊಂಡು ಮಲಗಿದ. ಇನ್ನು ಉಳಿದದ್ದು ಒಂದೇ ಕಂಟಕ: ಗಂಟು.

ಆ ಗಂಟಿನ ಕಥೆ ಸ್ವಲ್ಪ ಹೇಳಬೇಕು. ಕಬ್ ಆದವನು ದಿನಕ್ಕೊಂದು ಒಳ್ಳೆಯ ಕೆಲಸ ಮಾಡಲೇಬೇಕು. ಮರೆಯದಿರಲಿ ಎಂದು ಬೆಳಗ್ಗೆ ಎದ್ದ ಕೂಡಲೇ ಕೊರಳ ಸ್ಕಾರ್ಫಿನ ತುದಿಗೆ ಒಂದು ಗಂಟು ಹಾಕಿಕೊಳ್ಳಬೇಕು. ಒಳ್ಳೆಯ ಕೆಲಸ ಮಾಡಿದ ಮೇಲೆಯೇ ಅದನ್ನು ಬಿಚ್ಚಬೇಕು. ಆ ಕೆಲಸ ಮಾಡು ಎಂದು ಯಾರೂ ಕೇಳಿರಬಾರದು. ಹುಡುಗರ ಮಾಸ್ಟರಿಗೂ ಇದೇ ನಿಯಮ. ತಿರುಮಲೇಶ್ ಅವರು ಮೊದಲೇ ಎಚ್ಚರಿಸಿದ್ದರು: "ಭಾನುವಾರ ಬೆಳಗ್ಗೆ ಎಂಟಕ್ಕೆ ಬರ್ತೀನಿ ಅನಂತರಾಮು. ಗುಡಾರ ಆಮೇಲೆ ನೋಡ್ತೀನಿ, ಮೊದಲು ಸ್ಕಾರ್ಫ್ ನೋಡ್ತೀನಿ. ಒಬ್ಬ ಹುಡುಗನ ಸ್ಕಾರ್ಫಲ್ಲಿ ಗಂಟು ಉಳಿದಿದ್ರೂ ಶೀಲ್ಡಿನ ಆಸೆ ಬಿಟ್ಬಿಡಿ!"

ಹಾಗಾಗಿ ಭಾನುವಾರ ಇನ್ನೂ ಮಬ್ಬುಗತ್ತಲೆ ಇರುವಾಗಲೇ ಅನಂತರಾಮು ಸೀಟಿ ಊದಿದ. ಇಪ್ಪತ್ತನಾಲ್ಕು ಗಂಟುಗಳು ಬಿದ್ದವು. ಅವನೂ ತನ್ನ ಸ್ಕಾರ್ಫಿಗೆ ಒಂದು ಹಾಕಿಕೊಂಡ.

"ಮಕ್ಕಳೇ! ಅಗೋ ಕತ್ರಿಗುಪ್ಪೆ! ಕಷ್ಟದಲ್ಲಿರೋರನ್ನ ಹುಡುಕಿ! ಗಂಟು ಬಿಚ್ಚದೆ ಯಾರೂ ವಾಪಸ್ ಬರಕೂಡದು!"

ದಂಡೆತ್ತಿ ಹೋದವರ ಹಾಗೆ ಹುಡುಗರು ಊರಿನ ಮೇಲೆ ಬಿದ್ದರು. ಅನಂತರಾಮು ನೆಮ್ಮದಿಯಾಗಿ ತೋಪಿನ ಬಾಯಲ್ಲಿ ಬಿದಿರಿನ ಕಮಾನು ಕಟ್ಟುತ್ತ, ಅದಕ್ಕೆ 'ಸುಸ್ವಾಗತ' ಎಂಬ ಬೋರ್ಡು ತೂಗಿಹಾಕುತ್ತ ನಿಂತ.

ಕತ್ರಿಗುಪ್ಪೆಯಲ್ಲಿ ಕಷ್ಟದಲ್ಲಿರುವವರು ಯಾರೂ ಸಿಗಲಿಲ್ಲ! ಅದೇ ಕಷ್ಟವಾಯಿತು. ಒಬ್ಬ ಹುಡುಗ ಬಸವಲಿಂಗಮ್ಮ ಎಂಬ ಮುದುಕಿಯ ಕೊಡ ಹಿಡಿಯಲು ಹೋದ. "ಬುಡ್ಲಾ, ಒಡ್ದಾಕೀಯ!" ಎಂದು ಆಕೆ ಗದರಿಸಿದಳು. ಇನ್ನೊಬ್ಬ ಜಗಲಿಯಲ್ಲಿ ಮಲಗಿದ್ದವನನ್ನು ಎಬ್ಬಿಸಿ, "ತಾತ, ರಸ್ತೆ ದಾಟಿಸ್ಲಾ?" ಎಂದು ಕೇಳಿದ. ಊರಿನಲ್ಲಿ ರಸ್ತೆಯೂ ಇರಲಿಲ್ಲ, ಆತ ತಾತನೂ ಆಗಿರಲಿಲ್ಲ. ಎಬ್ಬಿಸಿದವನನ್ನು ಮಾರಮ್ಮನ ಗುಡಿಯವರೆಗೆ ಓಡಿಸಿಕೊಂಡು ಹೋದ.

ಆಗ ಗುಂಡಣ್ಣನ ಕಣ್ಣಿಗೆ ಬಿತ್ತು ಆ ದೃಶ್ಯ. ಗುಂಡಣ್ಣ ದಂಡಿನಲ್ಲೇ ಚಿಕ್ಕವನು, ಎಂಟು ತುಂಬಿ ಎಂಟು ದಿನವಾಗಿತ್ತು. ಹುಟ್ಟಿದಾಗಿನಿಂದ ಹಾಲನ್ನು ಚೊಂಬಿನಲ್ಲಿ ಕಂಡವನೇ ಹೊರತು ಹಸುವಿನಲ್ಲಿ ಕಂಡವನಲ್ಲ. ಬೈರಣ್ಣನ ಕೊಟ್ಟಿಗೆಯಲ್ಲಿ ಒಂದು ಕೆಂದ ಹಸು. ಆರು ಮಾರು ದೂರದಲ್ಲಿ, ಗೂಟಕ್ಕೆ ಕಟ್ಟಿದ ಅದರ ಕರು. ಹಸು "ಅಂಬಾ" ಎನ್ನುತ್ತದೆ, ಕರು "ಅಂಬೇ" ಎನ್ನುತ್ತದೆ. ಬೈರಣ್ಣ ಬಾವಿಕಟ್ಟೆಯಲ್ಲಿ ಹಾಲಿನ ಕ್ಯಾನು ತೊಳೆಯಲು ಹೋಗಿದ್ದ. ಗುಂಡಣ್ಣನಿಗೆ ಕಣ್ಣಲ್ಲಿ ನೀರು ಬಂತು. ಯಾವ ಪಾಪಿ ಈ ತಾಯಿ ಮಗುವನ್ನು ಬೇರೆ ಮಾಡಿದ! ಆರು ತಿಂಗಳ ಅಭ್ಯಾಸ ಕೈಗೆ ಬಂತು. ಹಗ್ಗದ ಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ಕರು ಹಾರಿಹೋಗಿ ಕೆಚ್ಚಲಿಗೆ ಬಾಯಿ ಹಾಕಿತು. ಗುಂಡಣ್ಣ ತನ್ನ ಸ್ಕಾರ್ಫಿನ ಗಂಟು ಬಿಚ್ಚಿ ಬೀದಿಗೆ ಓಡಿಬಂದ.

"ಏಯ್! ನನ್ ಗಂಟು ಬಿಚ್ತು ಕಣ್ರೋ!"

"ಹೆಂಗೋ? ಹೆಂಗೋ?"

"ಕರು ಬಿಟ್ರೆ ಆಯ್ತು! ಪಾಪ, ಎಲ್ಲಾ ಮನೇಲೂ ಕಟ್ಹಾಕ್ಬಿಟ್ಟಿದಾರೆ!"

ಇನ್ನು ಹೇಳುವುದೇನಿದೆ! ಆ ಹೊತ್ತಿಗೆ ಊರಿನಲ್ಲಿ ಹಾಲು ಕರೆಯಬೇಕಾದವರೆಲ್ಲ ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತ, ಕ್ಯಾನು ತೊಳೆಯುತ್ತ ಇದ್ದರು. ಕಾಲು ಗಂಟೆಯಲ್ಲಿ ಕತ್ರಿಗುಪ್ಪೆಯ ಹದಿನೇಳು ಕರುಗಳಿಗೂ ಬಿಡುಗಡೆಯಾಯಿತು. ಕರುಗಳು ಹದಿನೇಳು, ಹುಡುಗರು ಇಪ್ಪತ್ತನಾಲ್ಕು. ಉಳಿದ ಏಳು ಜನರ ಗತಿ? ಅವರು ಧರ್ಮಸೂಕ್ಷ್ಮ ಬಲ್ಲವರು. ಹೊಟ್ಟೆ ತುಂಬಿದ ಕರುವೊಂದನ್ನು ಹಿಡಿದು ತಂದು, ಗೂಟಕ್ಕೆ ಕಟ್ಟಿ, ಒಬ್ಬ ಬಿಚ್ಚಿದ. ಮತ್ತೆ ಕಟ್ಟಿ ಇನ್ನೊಬ್ಬ ಬಿಚ್ಚಿದ. ಆ ಒಂದು ಕರು ಆ ಬೆಳಗ್ಗೆ ಎಂಟು ಸಲ ಸ್ವತಂತ್ರವಾಯಿತು! ಬಸವಲಿಂಗಮ್ಮನ ಎಮ್ಮೆಯ ಕರುವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಎಮ್ಮೆ ನೋಡಿದ ನೋಟಕ್ಕೆ ಒಳ್ಳೆಯತನ ಅಲ್ಲಿಗೇ ನಿಂತಿತು.

ತೋಪಿನಲ್ಲಿ ಅನಂತರಾಮು 'ಸುಸ್ವಾಗತ'ಕ್ಕೆ ಕೊನೆಯ ಮಾವಿನೆಲೆ ಸಿಕ್ಕಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಏನು ಕಮಾನು! ಏನು ಅಂದ! ಅಷ್ಟರಲ್ಲಿ ಊರಿನ ಕಡೆಯಿಂದ ಧೂಳೆದ್ದಿತು. ಹೊಟ್ಟೆ ತುಂಬಿದ ಹದಿನೇಳು ಕರುಗಳು ಬಾಲ ನೆಟ್ಟಗೆ ಎತ್ತಿಕೊಂಡು, ಸುಸ್ವಾಗತವನ್ನು ಮನಸಾರೆ ಸ್ವೀಕರಿಸಿ ಒಳಗೆ ನುಗ್ಗಿದವು. ಸುಣ್ಣದ ಗೆರೆಗಳು ಅಳಿಸಿದವು. ಉಪ್ಪಿಟ್ಟಿನ ರವೆ ನೆಲದ ಪಾಲಾಯಿತು. ಎಂಟು ಸಲ ಸ್ವತಂತ್ರವಾದ ಕರು ನೇರವಾಗಿ ಅನಂತರಾಮುವಿನ ಹತ್ತಿರ ಬಂದು, ಅವನ ಸ್ಕಾರ್ಫಿನ ಗಂಟನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಅವನು ಈ ಕಡೆ ಎಳೆದ, ಅದು ಆ ಕಡೆ ಎಳೆಯಿತು. ಗಂಟು ನೆನೆದು, ಬಿಗಿದು, ಅಡಿಕೆಯಾಯಿತು.

ಕರುಗಳ ಹಿಂದೆ ಹುಡುಗರು, ಹುಡುಗರ ಹಿಂದೆ ಊರು. ಊರಿನ ಮುಂದೆ ಖಾಲಿ ಕ್ಯಾನು ಹಿಡಿದ ಬೈರಣ್ಣ.

"ಏನ್ ಸ್ವಾಮಿ ಇದು! ಹಾಲ್ ಕರೆಯಾಕ್ ಕುಂತ್ರೆ ಕೆಚ್ಚಲು ಬರಿದು! ಇಡೀ ಊರ್ನಾಗೆ ಒಂದ್ ಲೋಟ ಹಾಲಿಲ್ಲ! ಜಯನಗರದೋರಿಗೆ ನಾನೇನ್ ಬಾವಿ ನೀರ್ ಹಾಕ್ಲಾ?"

"ದಿನಾ ಹಾಕದೇ ಇದ್ದಿದ್ರೆ ಹೊಸ್ದು ಅನ್ನಬೋದಿತ್ತು," ಎಂದಳು ಬಸವಲಿಂಗಮ್ಮ ಹಿಂದಿನಿಂದ.

ಅನಂತರಾಮು ಗಡಿಯಾರ ನೋಡಿದ. ಏಳೂ ಹತ್ತು. ಕಣ್ಣೆದುರಿಗೆ ಎರಡು ಸ್ಟೀಲ್ ಲೋಟಗಳು ಮಿಂಚಿ ಮರೆಯಾದವು. "ಬೈರಣ್ಣೋರೇ, ತಪ್ಪು ನಮ್ಮದು. ಮೊದಲು ಕರುಗಳನ್ನ ಹಿಡಿದುಕೊಡ್ತೀವಿ. ಹಗ್ಗ ಎಲ್ಲಿ?"

"ಹಗ್ಗಗಳನ್ನ ನಿಮ್ ಉಡುಗ್ರು ಎಲ್ ಬಿಸಾಕವ್ರೋ ಆ ಮಾದೇಸ್ವರನೇ ಬಲ್ಲ!"

ನೋಡಿ, ಮನುಷ್ಯ ದೊಡ್ಡವನಾಗುವುದು ಇಂಥ ಹೊತ್ತಿನಲ್ಲೇ. ಅನಂತರಾಮು ಎದೆ ಉಬ್ಬಿಸಿ ಸೀಟಿ ಊದಿದ. "ಕಬ್ಸ್! ಸ್ಕಾರ್ಫ್ ತೆಗೀರಿ! ಒಂದಕ್ಕೊಂದು ಚಪ್ಪಟೆ ಗಂಟು! ಬೇಗ!"

ಆಹಾ, ಆ ಹುಡುಗರ ಕೈಚಳಕ! ಬಲದ ತುದಿ ಎಡದ ಮೇಲೆ, ಎಡದ ತುದಿ ಬಲದ ಮೇಲೆ, ಎಳಿ! ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಇಪ್ಪತ್ತನಾಲ್ಕು ಸ್ಕಾರ್ಫುಗಳು ಒಂದೇ ಉದ್ದ ಹಗ್ಗವಾದವು. ಹನ್ನೊಂದು ಜನ ಈ ಕಡೆ, ಹನ್ನೆರಡು ಜನ ಆ ಕಡೆ. ಬಲೆ ಬೀಸುವ ಬೆಸ್ತರ ಹಾಗೆ ಸುತ್ತಿ ಬಂದರು. ಗುಂಡಣ್ಣ ಮುಂದೆ ನಿಂತು "ಅಂಬಾ" ಎಂದು ಕೂಗಿದ. ಕರುಗಳು ಅವನನ್ನು ಹಸು ಎಂದುಕೊಂಡವೋ ಏನೋ, ಓಡಿಬಂದವು. ಹಗ್ಗವನ್ನು ನಾಲ್ಕು ಮಾವಿನ ಮರಗಳಿಗೆ ಸುತ್ತಿದ್ದೇ ದೊಡ್ಡಿಯಾಯಿತು. ಹದಿನೇಳು ಕರುಗಳೂ ಒಳಗೆ! ಬೈರಣ್ಣ ಕೂಡ ಕ್ಯಾನು ಕೆಳಗಿಟ್ಟು, "ಭಲೇ!" ಎಂದುಬಿಟ್ಟ. ಆಮೇಲೆ ಕೋಪ ನೆನಪಾಗಿ ಮತ್ತೆ ಕ್ಯಾನು ಎತ್ತಿಕೊಂಡ.

ಆಗಲೇ ಸೈಕಲ್ ಗಂಟೆ ಕೇಳಿಸಿತು.

ಕಮಿಷನರ್ ತಿರುಮಲೇಶ್! ಅವರ ಮುಖ ಮಳೆ ಹೊತ್ತ ಮೋಡದಂತಿತ್ತು. ಕಾರಣ ಕೇಳಬೇಕೇ? ಅವರ ಮನೆಯೂ ಜಯನಗರ. ಅವರಿಗೂ ಬೈರಣ್ಣನದೇ ಹಾಲು. ಆ ಬೆಳಗ್ಗೆ ಅವರಿಗೆ ಕಾಫಿ ಇರಲಿಲ್ಲ. ಅವರಿಗೇನು, ಆ ದಿನ ಅರ್ಧ ಜಯನಗರಕ್ಕೆ ಕಾಫಿ ಇರಲಿಲ್ಲ! ಮೂರು ಮನೆಗಳಲ್ಲಿ ಗಂಡ ಹೆಂಡತಿಗೆ ಮಾತು ಬಿಟ್ಟುಹೋಯಿತಂತೆ. ಒಂದು ಮನೆಯಲ್ಲಿ ನಾಲ್ಕು ವರ್ಷದಿಂದ ಬಿಟ್ಟಿದ್ದ ಮಾತು ಶುರುವಾಗಿ, ಅದು ಇನ್ನೂ ದೊಡ್ಡ ತೊಂದರೆಯಾಯಿತಂತೆ.

ಕಮಿಷನರು ಕೆಳಗಿಳಿದವರೇ ಹುಡುಗರ ಕೊರಳು ನೋಡಿದರು. ಇಪ್ಪತ್ತನಾಲ್ಕೂ ಬೋಳು!

"ಸ್ಕಾರ್ಫ್ ಎಲ್ರೀ?"

ಅನಂತರಾಮು ದೊಡ್ಡಿಯ ಕಡೆ ಬೆರಳು ತೋರಿಸಿದ. ಕಮಿಷನರು ಎಣಿಸಿದರು. ಒಂದಲ್ಲ, ಎರಡಲ್ಲ, ಎಲ್ಲ ಸ್ಕಾರ್ಫಿಗೂ ಗಂಟು!

"ಒಂದು ಗಂಟೂ ಇರಬಾರದು ಅಂದಿದ್ದೆ!"

"ಸಾರ್, ಅದು ಆ ಗಂಟಲ್ಲ ಸಾರ್, ಇದು ಬೇರೆ..."

ಅಷ್ಟರಲ್ಲಿ ಅವರ ಕಣ್ಣು ಹಾಲಿನವನ ಮೇಲೆ ಬಿತ್ತು. "ಏನಪ್ಪಾ ಬೈರಣ್ಣ! ನೀನು ಇಲ್ಲಿದ್ದೀಯಾ? ಹಾಲೆಲ್ಲಿ?"

ಬೈರಣ್ಣ ಬಾಯಿ ತೆರೆದ. ಅನಂತರಾಮು ಕಣ್ಣು ಮುಚ್ಚಿದ. ಆದರೆ ಬೈರಣ್ಣನಿಗಿಂತ ಮೊದಲು ಮೊಣಕಾಲೆತ್ತರದಿಂದ ಒಂದು ಧ್ವನಿ ಬಂತು. ಗುಂಡಣ್ಣ ಮುಂದೆ ಬಂದು, ಅಟೆನ್ಷನ್ ನಿಂತು, ಸೆಲ್ಯೂಟ್ ಹೊಡೆದಿದ್ದ.

"ಸಾರ್, ಹಾಲು ಕರು ಕುಡೀತು ಸಾರ್. ನಾನೇ ಮೊದಲು ಬಿಟ್ಟಿದ್ದು. ಅದು ಅಮ್ಮ ಬೇಕು ಅಂತ ಅಳ್ತಿತ್ತು ಸಾರ್. ಆಮೇಲೆ ಎಲ್ರೂ ಬಿಟ್ರು. ಆಮೇಲೆ ನಾವೇ ಎಲ್ಲಾನೂ ಹಿಡಿದ್ವಿ ಸಾರ್."

ಬಸವಲಿಂಗಮ್ಮ ಕೊಡ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಇದ್ದ ನಾಲ್ಕು ಹಲ್ಲೂ ಕಾಣುವ ಹಾಗೆ ನಕ್ಕಳು.

"ಎಪ್ಪತ್ತು ವರ್ಸ ಆತು ಸ್ವಾಮಿ ನಂಗೆ. ಈ ಊರಿನ ಕರುಗೋಳೆಲ್ಲ ಒಂದೇ ದಿನ ಒಟ್ಟೆ ತುಂಬ ಕುಡ್ದಿದ್ದು ನಾನ್ ಕಂಡೇ ಇರ್ಲಿಲ್ಲ! ಈ ಬೈರಣ್ಣನ ಕರು ನೋಡಿ, ಪಕ್ಕೆ ಎಣಿಸ್ಬೋದಿತ್ತು. ಇವತ್ತು ಹೆಂಗ್ ಕುಣೀತದೆ! ನೀವೆಲ್ಲ ಒಂದ್ ದಿನ ಕಾಪಿ ಕುಡೀದಿದ್ರೆ ಸಾಯ್ತೀರಾ?"

"ಸಾಯಲ್ಲಮ್ಮ," ಎಂದರು ಕಮಿಷನರು ಮೆಲ್ಲಗೆ, "ಆದರೆ ಬದುಕಿದ್ದೀನಿ ಅಂತಾನೂ ಅನ್ನಿಸ್ತಿಲ್ಲ."

ಬಸವಲಿಂಗಮ್ಮನ ಮನಸ್ಸು ಕರಗಿತು. ಮನೆಗೆ ಹೋಗಿ, ಆಗತಾನೆ ಕರೆದ ಎಮ್ಮೆ ಹಾಲು ಒಂದು ಚೊಂಬು ತಂದಳು. ಅನಂತರಾಮುವಿನ ಚೀಲದಲ್ಲಿ ಸತ್ಯಭಾಮಾ ಹಾಕಿಕೊಟ್ಟಿದ್ದ ಪುಟ್ಟ ಫಿಲ್ಟರಿತ್ತು, ಅದರ ಹೊಟ್ಟೆಯಲ್ಲಿ ಗಟ್ಟಿ ಡಿಕಾಕ್ಷನ್ ಇತ್ತು. ಆ ದಿನ ಆ ಸುತ್ತಿನಲ್ಲೆಲ್ಲ ಇದ್ದದ್ದು ಒಂದೇ ಲೋಟ ಕಾಫಿ, ಅದು ಕಮಿಷನರ ಕೈಯಲ್ಲಿ! ಚಮಚ ನೆಟ್ಟರೆ ಧ್ವಜಸ್ತಂಭದ ಹಾಗೆ ನಿಲ್ಲುವ ಕಾಫಿ. ಮೊದಲ ಗುಟುಕಿಗೆ ಅವರ ಹುಬ್ಬು ಇಳಿಯಿತು. ಎರಡನೆಯದಕ್ಕೆ ಮೀಸೆ ಅರಳಿತು. ಮೂರನೆಯದಕ್ಕೆ ದೊಡ್ಡಿಯ ಹತ್ತಿರ ಹೋಗಿ ಒಂದೊಂದೇ ಗಂಟನ್ನು ಹಿಡಿದು ಜಗ್ಗಿದರು. ಹದಿನೇಳು ಕರುಗಳು ಅರ್ಧ ಗಂಟೆಯಿಂದ ತಳ್ಳುತ್ತಿದ್ದರೂ ಒಂದೇ ಒಂದು ಗಂಟು ಜಾರಿರಲಿಲ್ಲ!

"ಅನಂತರಾಮು, ಸ್ಕೌಟಿನ ನಿಯಮದಲ್ಲಿ ಪ್ರಾಣಿಗಳ ವಿಷಯ ಏನಿದೆ ಹೇಳ್ರೀ."

"ಸ್ಕೌಟ್ ಪ್ರಾಣಿಗಳ ಮಿತ್ರ, ಸಾರ್."

"ಹಾಲಿನ ವಿಷಯ ಏನಾದ್ರೂ ಇದೆಯಾ?"

"ಇಲ್ಲ ಸಾರ್."

"ಕಾಫಿ ವಿಷಯ?"

"ಇರಬೇಕಿತ್ತು ಸಾರ್. ಇಲ್ಲ."

ಕಮಿಷನರು ಗುಂಡಣ್ಣನ ತಲೆ ಸವರಿದರು. "ಒಳ್ಳೆ ಕೆಲಸದ ಗಂಟು ಎಲ್ಲರದೂ ಬಿಚ್ಚಿದೆ. ಮಾಡಿದ ತಪ್ಪನ್ನ ಒಪ್ಪಿಕೊಂಡಿದ್ದಾರೆ, ತಾವೇ ಸರಿಪಡಿಸಿದ್ದಾರೆ. ಹನ್ನೆರಡು ವರ್ಷದಿಂದ ಶಿಬಿರ ನೋಡ್ತಿದ್ದೀನಿ, ಇಂಥ ಗಂಟು ನೋಡಿಲ್ಲ. ಶೀಲ್ಡು ನಿಮ್ಮದೇ! ಆದ್ರೆ ಮುಂದಿನ ಸಲ ಒಳ್ಳೆ ಕೆಲಸಕ್ಕೆ ಮೊದಲು ಬೈರಣ್ಣನ್ನ ಒಂದು ಮಾತು ಕೇಳ್ರಪ್ಪ."

ಮಾವಿನ ತೋಪು ಹಾರಿಹೋಗುವಂತೆ ಹುಡುಗರು ಕೂಗಿದರು. ಬೈರಣ್ಣನ ಕೊಟ್ಟಿಗೆ ಗುಡಿಸಿ, ಹುಲ್ಲು ಹಾಕಿ, ಹಗ್ಗಗಳನ್ನೆಲ್ಲ ಹುಡುಕಿಕೊಟ್ಟು, ಸಂಜೆಗೆ ಹೊರಟರು. ಕಮಿಷನರು ಸೈಕಲ್ಲಿನಿಂದ ಬಿಚ್ಚಿಕೊಟ್ಟ ಶೀಲ್ಡನ್ನು ತಲೆಯ ಮೇಲೆ ಹೊತ್ತ ಅನಂತರಾಮು ಯಡಿಯೂರು ಕೆರೆಯ ಏರಿ ಹತ್ತಿ ಇಳಿದದ್ದು ಯಾವ ಮಹಾರಾಜನ ಸವಾರಿಗೂ ಕಡಿಮೆಯಿರಲಿಲ್ಲ. ಕೆರೆಯ ಕೊಕ್ಕರೆಗಳು ಕೂಡ ಒಂಟಿಕಾಲಲ್ಲಿ ಅಟೆನ್ಷನ್ ನಿಂತಿದ್ದವು!

"ಭಾಮಾ! ಆರತಿ ತಾ!"

ಸತ್ಯಭಾಮಾ ಬಾಗಿಲಿಗೆ ಬಂದಳು. ಶೀಲ್ಡು ನೋಡಿದಳು. ಮುಖ ಅರಳಿತು, ತಕ್ಷಣ ಅದನ್ನು ಮಡಿಚಿ ಒಳಗಿಟ್ಟುಕೊಂಡಳು. "ಬಂತಲ್ಲ, ಸದ್ಯ. ಕೂತ್ಕೊಳ್ಳಿ, ಕಾಫಿ ತರ್ತೀನಿ."

ತಂದಳು. ಥಳಥಳ ಹೊಳೆಯುವ ಸ್ಟೀಲ್ ಲೋಟ. ಒಳಗೆ ಕಪ್ಪು ಡಿಕಾಕ್ಷನ್. ಬರೀ ಡಿಕಾಕ್ಷನ್!

"ಹಾಲೆಲ್ಲೇ?"

"ಬೈರಣ್ಣ ಸಾಯಂಕಾಲ ಬಂದಿದ್ದ. ಬೀದಿಗೆಲ್ಲ ಹಾಕಿದ. ನಮ್ಮನೆಗೆ ಮಾತ್ರ, 'ಮೇಷ್ಟ್ರ ಪಾಲಿಂದು ಬೆಳಗ್ಗೇನೇ ಕರು ಕುಡ್ದದೆ ಕಣಮ್ಮೋ' ಅಂದ. ಎಲ್ಲಾ ಹೇಳ್ದ. ನಗ್ತಾ ನಗ್ತಾ ಹೇಳ್ದ."

ಅನಂತರಾಮು ಕಹಿಯನ್ನು ನುಂಗಿದ. ಆಮೇಲೆ ಲೋಟವನ್ನು ತಿರುಗಿಸಿ ನೋಡಿದ. "ಇದು... ಹೊಸ ಲೋಟ ಅಲ್ವಾ?"

"ಹ್ಞೂಂ. ಪಾತ್ರೆಯವಳು ಮಧ್ಯಾಹ್ನ ಬಂದಿದ್ಲು."

"ಗೆದ್ದಿದ್ದೀನಲ್ಲೇ!"

"ನೀವು ಗೆದ್ದ ಸುದ್ದಿ ಬಂದಿದ್ದು ಸಾಯಂಕಾಲ. ಮಧ್ಯಾಹ್ನಕ್ಕೆ ನಂಗೆ ಗೊತ್ತಿದ್ದಿದ್ದು ಬರೀ ಹಾಲು ಬಂದಿಲ್ಲ ಅನ್ನೋದು. ಇದರಲ್ಲಿ ನಿಮ್ಮ ಕೈವಾಡ ಇದ್ದೇ ಇದೆ, ಇನ್ನೆಲ್ಲಿ ಶೀಲ್ಡು ಅಂದ್ಕೊಂಡೆ. ಒಂದೇ ಚಡ್ಡಿ ಕೊಟ್ಟೆ, ಹೋಗ್ಲಿ ಬಿಡಿ. ಹಾಕ್ಕೊಂಡಿರೋದು ಉಳೀತಲ್ಲ!" ಎಂದವಳು ಅವನ ಕೊರಳ ಕಡೆ ಬಗ್ಗಿ ನೋಡಿದಳು. "ರೀ, ಇದೇನು? ಎಲ್ಲರ ಗಂಟೂ ಬಿಚ್ಚಿಸಿದ್ರಿ, ನಿಮ್ಮ ಗಂಟು ಹಾಗೇ ಇದೆ?"

ಅನಂತರಾಮು ತಲೆ ಬಗ್ಗಿಸಿ ನೋಡಿಕೊಂಡ. ಹೌದು! ಬೆಳಗಿನಿಂದ ಇಪ್ಪತ್ತನಾಲ್ಕು ಗಂಟುಗಳ ಚಿಂತೆಯಲ್ಲಿ ತನ್ನದು ಮರೆತೇ ಹೋಗಿತ್ತು. ಇಡೀ ದಿನದಲ್ಲಿ ಅವನು ಒಂದೇ ಒಂದು ಒಳ್ಳೆಯ ಕೆಲಸ ಮಾಡಿರಲಿಲ್ಲ. "ತಾಳು, ಈಗಲೇ ಬಾವಿಯಿಂದ ನೀರು ಸೇದಿಕೊಡ್ತೀನಿ," ಎಂದು ಎದ್ದು ಎರಡು ಕೊಡ ನೀರು ಸೇದಿ ತಂದ. ಆಮೇಲೆ ಗಂಟಿಗೆ ಕೈ ಹಾಕಿದ. ಬಿಚ್ಚಲಿಲ್ಲ. ಉಗುರು ಹಾಕಿದ, ಹಲ್ಲು ಹಾಕಿದ, ಶೀಲ್ಡಿನ ಮೂಲೆ ಹಾಕಿ ಮೀಟಿದ. ಕರು ಚೀಪಿದ ಗಂಟು, ಜಪ್ಪಯ್ಯ ಅನ್ನಲಿಲ್ಲ.

"ಇದೂ ರೈತರ ಗಂಟಾ?" ಎಂದಳು ಸತ್ಯಭಾಮಾ. "ಬನ್ನಿ ಇಲ್ಲಿ. ಅಲ್ಲಾಡಬೇಡಿ."

ತುರುಬಿನಿಂದ ಒಂದು ಹೇರ್‌ಪಿನ್ ತೆಗೆದು, ಗಂಟಿನ ನಡುವೆ ತೂರಿಸಿ, ಒಮ್ಮೆ ಮೇಲೆತ್ತಿದಳು. ಬಿಚ್ಚಿತು! ಪಿನ್ನನ್ನು ಮತ್ತೆ ತುರುಬಿಗೆ ಸಿಕ್ಕಿಸಿಕೊಂಡು ಕೈ ಮುಂದೆ ಚಾಚಿದಳು.

"ಯಾರೂ ಕೇಳದೆ ಮಾಡಿದ್ದೀನಿ. ನನ್ನ ಒಳ್ಳೆ ಕೆಲಸ ಆಯ್ತು. ಎಲ್ಲಿ, ಆ ಶೀಲ್ಡು ಈ ಕಡೆ ಕೊಡಿ!"

ಅನಂತರಾಮು ಅಟೆನ್ಷನ್ ನಿಂತು, ಸೆಲ್ಯೂಟ್ ಹೊಡೆದು, ಎರಡೂ ಕೈಯಲ್ಲಿ ಕೊಟ್ಟ.